ಕೈಗೆ ಸಿಕ್ಕ ಕಿವಿ

ಸ್ಕೂಲಿಗೆ ಸೇರಿಸಿದಾಗ ನನಗೆ ಐದು ತುಂಬಿರಲಿಲ್ಲ. ಅಮ್ಮ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅಪ್ಪ ಲೇತ್ ವರ್ಕ್‌ಶಾಪಿಗೆ. ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ. ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು ಹೆಡ್‌ಮಾಸ್ಟರು. ನನ್ನ ಕೈ ಉದ್ದ, ಮುಟ್ಟಿದೆ.

"ಕಿವಿ ಸಿಕ್ತಲ್ಲ, ವಯಸ್ಸಾಗಿದೆ ಬಿಡಿ," ಅಂತ ನನ್ನ ಹುಟ್ಟಿದ ದಿನಕ್ಕೆ ಅವರೇ ಒಂದು ವರ್ಷ ಹಿಂದಿನ ಜೂನ್ ತಾರೀಖು ಬರೆದುಕೊಂಡರು. ಅಪ್ಪ ಕೈ ಮುಗಿದ. ನಮ್ಮ ಬೀದಿಯ ಅರ್ಧ ಹುಡುಗರು ಹೀಗೇ ಜೂನ್ ತಿಂಗಳಲ್ಲಿ ಹುಟ್ಟಿದವರು.

ಹತ್ತನೇ ಕ್ಲಾಸ್ ಹೇಗೋ ದಾಟಿದೆ. ಸೈನ್ಯ ಬಿಟ್ಟು ಬೇರೆ ಏನೂ ಯೋಚಿಸಿರಲಿಲ್ಲ. ವಿಜಯನಗರದ ಮೈದಾನದಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಬೆಳಿಗ್ಗೆ ನಮ್ಮನ್ನು ಓಡಿಸುತ್ತಿದ್ದರು. ನಾನು ಯಾವಾಗಲೂ ಮುಂದೆ.

ಕೊರೋನಾದಲ್ಲಿ ಸೈನ್ಯದ ಭರ್ತಿ ನಿಂತಿತ್ತು ಅಂತ, ಇಪ್ಪತ್ತೊಂದಿದ್ದ ವಯಸ್ಸಿನ ಮಿತಿಯನ್ನು ಇಪ್ಪತ್ತಮೂರಕ್ಕೆ ಏರಿಸಿದರು. ಆ ವರ್ಷ ನನ್ನ ಕಾಲು ಮುರಿದಿತ್ತು.

"ಮುಂದಿನ ಸಲ ಹೋಗು ಕಣೋ. ಇಪ್ಪತ್ತಮೂರು ಮಾಡಿದಾರಲ್ಲ, ಟೈಮ್ ಇದೆ," ಅಂದ ಅಪ್ಪ. ಹವಾಲ್ದಾರರೂ ಹೂಂ ಅಂದರು. ಆ ಸಡಿಲಿಕೆ ಆ ವರ್ಷಕ್ಕೆ ಮಾತ್ರ ಅಂತ ಯಾರೂ ಓದಿರಲಿಲ್ಲ. ಮುಂದಿನ ವರ್ಷ ಮಿತಿ ಮತ್ತೆ ಇಪ್ಪತ್ತೊಂದು.

ಅರ್ಜಿ ಹಾಕಲು ಸೈಬರ್ ಅಂಗಡಿಗೆ ಹೋದೆ.

"ಡೇಟ್ ತಗೊಳ್ತಿಲ್ಲ ಗುರು," ಅಂದ ಅಂಗಡಿಯವನು.

"ಸರಿಯಾಗಿ ಹಾಕಿ ಅಣ್ಣ."

"ಮಾರ್ಕ್ಸ್ ಕಾರ್ಡಲ್ಲಿರೋದೇ ಹಾಕಿದೀನಿ. ನೀನು ಓವರ್ ಏಜ್."

"ನಿಜವಾದ ವಯಸ್ಸು ಇನ್ನೂ ಇಪ್ಪತ್ತು."

"ನಿಜವಾದ್ದನ್ನ ಎಲ್ಲಿ ಟೈಪ್ ಮಾಡ್ಲಿ ಮಗಾ? ಅದಕ್ಕೆ ಜಾಗ ಕೊಟ್ಟಿಲ್ಲ."

ಹಿಂದೆ ನಿಂತಿದ್ದ ಆಂಟಿಯೊಬ್ಬರು ನಕ್ಕರು. ನಾನು ಪಕ್ಕಕ್ಕೆ ಸರಿದೆ.

ಅಪ್ಪ ನನ್ನನ್ನು ನಾಗರಬಾವಿಯ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದ. ಹುಟ್ಟಿದ್ದಕ್ಕೆ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿದರು.

"ಮನೇಲೇ ಹೆರಿಗೆ ಆಗಿದ್ದು ಸಾರ್. ಯಾರೂ ಬರೆಸ್ಲಿಲ್ಲ," ಅಂದ ಅಪ್ಪ.

"ಕೇಸ್ ಹಾಕಬಹುದು. ಅದು ಮುಗಿಯೋ ಹೊತ್ತಿಗೆ ಇವನ ನಿಜವಾದ ವಯಸ್ಸೂ ಇಪ್ಪತ್ತೊಂದು ದಾಟಿರತ್ತೆ," ಅಂದರು ವಕೀಲರು.

ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ನೋಡುತ್ತಾ ಕೂತಿದ್ದ. ನನಗೆ ಸಿಟ್ಟು ಬರಬಹುದು ಅಂತ ಕಾದೆ. ಬರಲಿಲ್ಲ. ಹಸಿವೂ ಇರಲಿಲ್ಲ.

"ಅವತ್ತು ನಿಂಗೆ ಕಿವಿ ಸಿಗಬಾರದಿತ್ತು," ಅಂದ, ಇಳಿಯುವಾಗ.

"ನಾಳೆಯಿಂದ ನಿನ್ ಜೊತೆ ಬರ್ತೀನಿ," ಅಂದೆ.

ಈಗ ಅಪ್ಪನ ವರ್ಕ್‌ಶಾಪಲ್ಲೇ ಇದ್ದೇನೆ. ಬೆಳಿಗ್ಗೆ ಓಡುವುದು ಬಿಟ್ಟಿದ್ದೇನೆ. ಮೇಲಿನ ಅಟ್ಟದಿಂದ ಸಾಮಾನು ತೆಗೆಯುವುದಕ್ಕೆ ಎಲ್ಲರೂ ನನ್ನನ್ನೇ ಕರೆಯುತ್ತಾರೆ. ನನ್ನ ಕೈ ಉದ್ದ, ಸ್ಟೂಲ್ ಬೇಕಾಗುವುದಿಲ್ಲ.