ಎರಡೂ ಪಟ್ಟಿಯಲ್ಲಿ ಇಲ್ಲದವನು

ಎಂಬತ್ತರ ದಶಕದ ಕೊನೆಯಲ್ಲಿ ನಾನು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಡೇಟಾಬೇಸ್ ಪಾಠ ಶುರುವಾದ ಹೊಸತರಲ್ಲಿ ಮೇಷ್ಟ್ರು ಒಂದು ಕೆಲಸ ಕೊಟ್ಟರು. ರಜೆಗೆ ಊರಿಗೆ ಹೋದಾಗ ಕೆಲವು ಮನೆಗಳ ಮಾಹಿತಿ ತಂದು ಯಂತ್ರಕ್ಕೆ ತುಂಬಬೇಕು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ವಯಸ್ಸು, ಕಸುಬು, ಕೊನೆಗೆ ಮನೆಯಲ್ಲಿದ್ದಾರೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ.

ನಮ್ಮೂರು ನಾರಾಯಣಖೇಡ. ಮನೂರಿನ ಕಡೆ ಅವ್ವನಿಗೆ ಪರಿಚಯದ, ಕುರಿ ಸಾಕುವ ಮನೆಯೊಂದಿತ್ತು. ಅಲ್ಲಿಗೆ ಹೋದಾಗ ಮಧ್ಯಾಹ್ನ. ಮನೆಯೊಡತಿ ಪಡಸಾಲೆಯಲ್ಲಿ ತೊಗರಿ ಕೇರುತ್ತಿದ್ದಳು. ತಾನು, ಗಂಡ, ಸೊಸೆ ಮನೆಯಲ್ಲೇ ಇದ್ದೇವೆ ಎಂದಳು. ದೊಡ್ಡ ಮಗ ತಾಂಡೂರಿನ ಕಲ್ಲುಗಣಿಗೆ ದುಡಿಯಲು ಹೋಗಿದ್ದ. ಅವನಿಗೆ ಇಲ್ಲ ಎಂದು ಬರೆದುಕೊಂಡೆ.

“ಸಣ್ಣಾಂವನ ಹೆಸರೂ ಬರಕೋ ತಮ್ಮಾ.”

“ಅವ್ರು ಮನ್ಯಾಗ ಅದಾರೇನ್ರಿ ಯವ್ವಾ?”

“ಕುರಿ ಹೊಡಕೊಂಡು ಹೋಗ್ಯಾನ.”

“ಯಾವಾಗ ಬರ್ತಾರ್ರಿ?”

ಮೊರ ನಿಂತಿತು. “ಕುರಿ ಬಂದಾವ. ಅಂವ ಬಂದಿಲ್ಲ. ಎಷ್ಟೋ ಮಳಿಗಾಲ ಹೋದ್ವು.”

ಅಷ್ಟರಲ್ಲಿ ಹೊಸ್ತಿಲ ಬಳಿ ಮಲಗಿದ್ದ ನಾಯಿ ಎದ್ದು ಬಾಲ ಆಡಿಸಿತು. ಹೊರಗೆ ನೋಡಿದೆ, ಬೀದಿ ಖಾಲಿ. ನಾಯಿ ಮಾತ್ರ ಯಾರದೋ ಕಾಲ ಹಿಂದೆ ಬರುವ ಹಾಗೆ ಒಳಗೆ ನಡೆದು, ಒಲೆಯ ಪಕ್ಕ ತಲೆಯೆತ್ತಿ ನಿಂತಿತು. ಆಕೆ ಆ ಕಡೆ ತಿರುಗಲಿಲ್ಲ.

“ದಿನಾ ಈ ಹೊತ್ತಿಗೆ ಹಿಂಗೇ ಮಾಡ್ತದ,” ಎಂದಳು.

ನಾನು ಹಾಳೆಯ ಮೇಲೆ ಪೆನ್ನು ಇಟ್ಟೆ. “ಏನಂತ ಬರೀಲ್ರಿ?”

“ಅದಾನ ಅಂದ್ರ ಸುಳ್ಳಾಗತದ. ಇಲ್ಲ ಅಂತ ಮಾತ್ರ ಬರೀಬ್ಯಾಡ.”

ಆ ಜಾಗ ಖಾಲಿ ಬಿಟ್ಟೆ.

ರಜೆ ಮುಗಿದ ಮೇಲೆ ಲ್ಯಾಬಿನಲ್ಲಿ ಎಲ್ಲವನ್ನೂ ತುಂಬಿದೆ. ಆ ಮನೆಯಲ್ಲಿ ಒಟ್ಟು ಎಷ್ಟು ಜನ ಎಂದು ಕೇಳಿದರೆ ಯಂತ್ರ ಐದು ಎಂದಿತು. ‘ಹೌದು’ ಎಂದಿರುವವರನ್ನು ತೋರಿಸು ಎಂದೆ. ಮೂವರು ಬಂದರು. ‘ಹೌದು’ ಅಲ್ಲದವರನ್ನು ತೋರಿಸು ಎಂದೆ. ಗಣಿಗೆ ಹೋದವನೊಬ್ಬನೇ ಬಂದ. ಬೆರಳು ತಪ್ಪಿರಬೇಕೆಂದು ಮತ್ತೆ ಕೇಳಿದೆ, ಮತ್ತೆ ಹಾಗೆಯೇ. ಚಿಕ್ಕ ಮಗ ಇದ್ದವರಲ್ಲೂ ಇರಲಿಲ್ಲ, ಇಲ್ಲದವರಲ್ಲೂ ಇರಲಿಲ್ಲ. ತಣ್ಣನೆಯ ಆ ಕೋಣೆಯಲ್ಲಿ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು.

ಮೇಷ್ಟ್ರನ್ನು ಕರೆದೆ. ಅವರು ನಕ್ಕರು. ಖಾಲಿ ಬಿಟ್ಟರೆ ಸೊನ್ನೆ ಎಂದಲ್ಲ, ಇಲ್ಲ ಎಂದೂ ಅಲ್ಲ, ‘ಗೊತ್ತಿಲ್ಲ’ ಎಂದರ್ಥ. ಗೊತ್ತಿಲ್ಲದ್ದನ್ನು ‘ಹೌದು’ ತಾನೇ ಎಂದು ಕೇಳಿದರೂ, ‘ಹೌದು’ ಅಲ್ಲ ತಾನೇ ಎಂದು ಕೇಳಿದರೂ ಯಂತ್ರದ ಉತ್ತರ ‘ಗೊತ್ತಿಲ್ಲ’ ಎಂದೇ ಆಗುತ್ತದೆ, ಹಾಗಾಗಿ ಎರಡೂ ಕಡೆಯಿಂದ ಬಿಟ್ಟುಬಿಡುತ್ತದೆ ಎಂದರು. “ಅಂಥವರನ್ನು ಬೇರೆಯಾಗಿ ಕರೆಯಬೇಕು,” ಎಂದು, ಆ ಜಾಗ ಖಾಲಿ ಇರುವವರನ್ನು ತೋರಿಸು ಎಂಬ ಆದೇಶವೊಂದನ್ನು ಬರೆಸಿದರು. ಕಪ್ಪು ಪರದೆಯ ಮೇಲೆ ಅವನ ಹೆಸರೊಂದೇ ಹಸಿರಾಗಿ ಬಂದು ನಿಂತಿತು.

ಮುಂದಿನ ರಜೆಯಲ್ಲಿ ಮನೂರಿಗೆ ಹೋಗಿ ಆಕೆಗೆ ಇದನ್ನೆಲ್ಲ ತಿಳಿಯುವ ಹಾಗೆ ಹೇಳಿದೆ. ಗಮನವಿಟ್ಟು ಕೇಳಿದಳು.

“ಕರದ್ರ ಬಂದನೇನು ತಮ್ಮಾ?”

“ಹೆಸರು ಬಂತ್ರಿ ಯವ್ವಾ.”

ಅವಳ ಮುಖ ಅರಳಿತು. “ಹಂಗಾದ್ರ ಅವನ್ನ ಕರಿಯೋ ಆ ಮಾತು ನನಗೂ ಕಲಿಸು,” ಎಂದು ಹತ್ತಿರ ಸರಿದು ಕೂತಳು.