ಎಡಗಡೆಯ ಹಿಂದಿನ ಚಕ್ರ

ನನ್ನ ಗಂಡ ತೀರಿಕೊಂಡ ಮೇಲೆ ಅವರ ಕಾರು ಶಿರಸಿಯ ನಮ್ಮ ಮನೆಯ ಪಕ್ಕದ ತಗಡಿನ ಮಾಡಿನಡಿ ನಿಂತಲ್ಲೇ ನಿಂತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆಗ ಸಿದ್ದಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಮಕ್ಕಳಿರಲಿಲ್ಲ. ಕಾರಿನ ಗಾಜಿನ ಮೇಲೆ ಧೂಳು ಕೂತಿತ್ತು, ಟೈರುಗಳ ಗಾಳಿ ಇಳಿದಿತ್ತು. ಅದರ ಪಕ್ಕದಲ್ಲೇ ಹಾದು ನಾವಿಬ್ಬರೂ ಬಟ್ಟೆ ಒಣಹಾಕಲು ಹೋಗುತ್ತಿದ್ದೆವು. ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ನನ್ನ ಗಂಡನಿಗೆ ಆ ಕಾರೆಂದರೆ ಹುಚ್ಚು. ಕುಮಟೆಯ ಕಡೆಯವರೊಬ್ಬರಿಂದ ಹಳೆಯದನ್ನೇ ಕೊಂಡಿದ್ದರು. ಸಮುದ್ರದ ಗಾಳಿ ಕುಡಿದ ಗಾಡಿಯಾದ್ದರಿಂದ ಅಡಿಭಾಗಕ್ಕೆ ತುಕ್ಕು ಮೊದಲೇ ಹಿಡಿದಿತ್ತು. ಗ್ಯಾರೇಜಿಗೆ ಕೊಡುವುದು ಅವರಿಗೆ ಸೇರುತ್ತಿರಲಿಲ್ಲ. ಭಾನುವಾರ ತಿಂಡಿ ಮುಗಿದದ್ದೇ ಹಳೆಯ ಲುಂಗಿ ಸುತ್ತಿ, ಗೋಣಿಚೀಲ ಹಾಸಿ, ಕಾರಿನ ಅಡಿಗೆ ನುಗ್ಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕೇಳಿದ ಸ್ಪ್ಯಾನರ್, ಅವರ ಮಾತಿನಲ್ಲಿ ಪಾನ, ಎತ್ತಿ ಕೊಡುತ್ತಿದ್ದೆ. ಯಾವ ಪಾನ ಯಾವ ನಟ್ಟಿಗೆ ಎನ್ನುವುದು ನನಗೆ ತಿಳಿದದ್ದು ಹಾಗೆ. ಚಕ್ರದ ನಟ್ಟು ಬಿಗಿ ಮಾಡುವಾಗ ಕೈಯಲ್ಲಿ ತಿರುಗಿಸಿದ್ದು ಸಾಕಾಗದೆ, ಪಾನದ ಹಿಡಿಯ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಹಾಕುತ್ತಿದ್ದರು. ಹೀಗೆ ತುಳಿದರೆ ಮುಂದೆ ಬಿಚ್ಚುವವರು ಯಾರು ಎಂದು ಅತ್ತೆ ಒಳಗಿಂದ ಗದರುತ್ತಿದ್ದರು. ಬಿಚ್ಚುವವನೂ ನಾನೇ ಅಲ್ಲವೇ ಎಂದು ಅವರು ನಗುತ್ತಿದ್ದರು. ನನಗೂ ಡ್ರೈವಿಂಗ್ ಕಲಿಸಿ ಎಂದು ಕೇಳಿದರೆ ಬೇಸಿಗೆ ರಜೆ ಬರಲಿ ಎನ್ನುತ್ತಿದ್ದರು. ಬೇಸಿಗೆ ರಜೆಗಳು ಬಂದು ಹೋದವು.

ಕೊನೆಯ ಭಾನುವಾರ ನಾವು ಸಿದ್ದಾಪುರದಲ್ಲಿ ಭಾವನವರ ಮನೆಯ ಊಟಕ್ಕೆ ಹೋಗಿದ್ದೆವು. ಅತ್ತೆಯ ಹಿರಿಮಗ ಅವರು, ಅಲ್ಲಿ ಅಂಗಡಿ ಇಟ್ಟಿದ್ದರು. ವಾಪಸು ಬರುವಾಗ ಎಡಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ನನ್ನ ಗಂಡ ದಾರಿಯಲ್ಲೇ ಸ್ಟೆಪ್ನಿ ಹಾಕಿದರು. ಅತ್ತೆ ಒಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಅದೇ ವಾರ ಆಫೀಸಿನಲ್ಲಿ ಕೂತಿದ್ದಾಗ ನನ್ನ ಗಂಡನಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗುವ ದಾರಿಯಲ್ಲಿ, ಬೇರೆಯವರ ಜೀಪಿನಲ್ಲಿ, ತೀರಿಕೊಂಡರು.

ನನಗೆ ಯಲ್ಲಾಪುರಕ್ಕೆ ವರ್ಗವಾದಾಗ ಕಾರಿನ ಮಾತು ಮೊದಲ ಸಲ ಎದ್ದಿತು. ಶಿರಸಿಯಿಂದ ದಿನಾ ಓಡಾಡುವುದು ಕಷ್ಟ. ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಯಾವಾಗಲೋ. ಭಾವನವರು ಒಂದು ಏರ್ಪಾಟು ಯೋಚಿಸಿಕೊಂಡೇ ಬಂದರು. ಅತ್ತೆ ಸಿದ್ದಾಪುರದಲ್ಲಿ ತಮ್ಮ ಮನೆಗೆ ಬರುವುದು, ನಾನು ಯಲ್ಲಾಪುರದಲ್ಲಿ ಒಂದು ರೂಮು ಹಿಡಿಯುವುದು, ಶಿರಸಿಯ ಮನೆ ಬಾಡಿಗೆಗೆ ಕೊಡುವುದು. ಕಾರಿಗೆ ಗುಜರಿಯವನನ್ನು ಜೊತೆಗೇ ಕರೆತಂದಿದ್ದರು. ಅವರು ಕೆಟ್ಟವರಲ್ಲ. ಎಲ್ಲರಿಗೂ ಅನುಕೂಲವಾಗುವುದನ್ನೇ ಹೇಳುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಅತ್ತೆ ಒಳಗಿಂದಲೇ ಎಲ್ಲವನ್ನೂ ಕೇಳಿಸಿಕೊಂಡರು. ಗುಜರಿಯವನು ಎದ್ದು ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟಾಗ ಮಾತ್ರ ಹೊರಗೆ ಬಂದರು.

"ಕಾರು ಕೊಡದಿಲ್ಲೆ," ಎಂದರು.

ಯಾಕೆ ಎಂದು ಭಾವನವರು ಕೇಳುವಷ್ಟರಲ್ಲಿ ಅತ್ತೆ ಚಹಾ ಮಾಡಲು ಒಳಗೆ ಹೋದರು. ಉಳಿದ ಏರ್ಪಾಟಿಗೆ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಭಾವನವರು ಚಹಾ ಕುಡಿದು ಹೋದರು.

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಇಟ್ಟುಕೊಂಡು ಮಾಡುವುದೇನು? ಅದೇ ಸಿಟ್ಟಿನಲ್ಲಿ, ಕೊಡುವುದಿಲ್ಲವಾದರೆ ಓಡಿಸೋಣ ಎಂದು ತೀರ್ಮಾನಿಸಿದೆ. ಪೇಟೆಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ಎಂಜಿನ್ನಿಗೆ ಏನೂ ಆಗಿಲ್ಲ, ಆದರೆ ಎಡಗಡೆಯ ಹಿಂದಿನ ಚಕ್ರ ಬ್ರೇಕಿಗೆ ಕಚ್ಚಿಕೊಂಡಿದೆ, ಅದು ತಿರುಗದೆ ಗಾಡಿ ಅಲ್ಲಾಡುವುದಿಲ್ಲ, ನಮ್ಮ ಓಣಿಗೆ ಕ್ರೇನು ಬರುವುದಿಲ್ಲ ಎಂದರು. ಚಕ್ರ ಕಳಚಿ ಬ್ರೇಕಿನ ಡ್ರಮ್ಮು ಸಡಿಲಿಸಿಕೊಟ್ಟರೆ ಗ್ಯಾರೇಜಿನತನಕ ದೂಡಿಕೊಂಡು ಹೋಗಬಹುದು. ಬಿಡುವಾದಾಗ ಬರುತ್ತೇನೆ ಎಂದು ಹೋದವರಿಗೆ ಬಿಡುವಾಗಲಿಲ್ಲ. ಪಾನಗಳ ಪೆಟ್ಟಿಗೆ ಅಟ್ಟದ ಮೇಲಿತ್ತು. ನಾನೇ ಇಳಿಸಿದೆ.

ಮೊದಲ ದಿನ ಕಾಲುಗಂಟೆಯ ಕೆಲಸ ಎಂದುಕೊಂಡಿದ್ದೆ. ಪಾನ ಹಾಕಿ ತಿರುಗಿಸಿದರೆ ನಟ್ಟು ಕದಲಲಿಲ್ಲ. ಎರಡೂ ಕೈಯಲ್ಲಿ ಜಗ್ಗಿದೆ, ಪಾನ ಜಾರಿ ಬೆರಳಿನ ಗಂಟಿನ ಚರ್ಮ ಕಿತ್ತುಹೋಯಿತು. ನಾಲ್ಕು ನಟ್ಟುಗಳೂ ಹಾಗೇ. ಬೋಲ್ಟೂ ನಟ್ಟೂ ಸೇರುವಲ್ಲಿ ತುಕ್ಕು ತುಂಬಿಕೊಂಡು ಎರಡೂ ಒಂದೇ ಕಬ್ಬಿಣವಾಗಿದ್ದವು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ ಎಂದು ಪಾಠದಲ್ಲಿ ಹೇಳುತ್ತಿದ್ದವಳು ನಾನು. ಉಬ್ಬಿದ್ದರ ಹಟ ಎಂಥದು ಎಂದು ಗೊತ್ತಿರಲಿಲ್ಲ. ಕೈ ತೊಳೆದು ಬಂದಾಗ ಅತ್ತೆ ಮೆಟ್ಟಿಲ ಮೇಲೆ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದರು.

"ಎಂತಕ್ಕೆ ನಿಲ್ಸಿದ್ದೆ?" ಎಂದು ಕೇಳಿದರು.

"ಬರ್ತಿಲ್ಲೆ ಅತ್ತೆ."

ಮರುದಿನದಿಂದ ನಾನು ಕ್ರಮವಾಗಿ ಕೆಲಸಕ್ಕೆ ಇಳಿದೆ. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿದೆ. ಸೀಮೆಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿ ನಟ್ಟಿನ ಬುಡಕ್ಕೆ ಬಿಟ್ಟೆ. ಸುತ್ತಿಗೆಯಿಂದ ಮೆಲ್ಲಗೆ ಸುತ್ತಲೂ ಬಡಿದೆ. ಇದನ್ನೆಲ್ಲ ನನ್ನ ಗಂಡ ಮಾಡುತ್ತಿದ್ದುದನ್ನು ನೋಡಿದ್ದೆ. ಅಂಥ ಎಣ್ಣೆ ಒಂದು ದಿನದಲ್ಲಿ ಇಳಿಯುವುದಿಲ್ಲ, ಬಿಡುತ್ತಲೇ ಇರಬೇಕು. ಶಾಲೆಗೆ ಹೋಗುವ ಗಡಿಬಿಡಿಯಲ್ಲಿ ನನಗೆ ಮರೆತುಹೋಗುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ, ದೇವರ ದೀಪ ಹಚ್ಚಿ ಬಂದ ಅತ್ತೆ, ಮಡಿಸೀರೆಯ ಸೆರಗನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ನಟ್ಟುಗಳಿಗೆ ಎಣ್ಣೆ ಬಿಡುತ್ತಿದ್ದರು. ಅಂದಿನಿಂದ ಆ ಕೆಲಸ ಅವರದಾಯಿತು. ನಾನು ಹೇಳಿದ್ದಲ್ಲ, ಅವರು ಕೇಳಿದ್ದೂ ಅಲ್ಲ.

ದಸರೆ ರಜೆಯಲ್ಲಿ ಮತ್ತೆ ಕೈ ಹಚ್ಚಿದೆವು. ಪಾನದ ಹಿಡಿಗೆ ನೀರಿನ ಕಬ್ಬಿಣದ ಪೈಪು ತೂರಿಸಿದರೆ ಹಿಡಿ ಉದ್ದವಾಗಿ ಬಲ ಹೆಚ್ಚುತ್ತದೆ. ನಾನು ಪಾನ ಜಾರದ ಹಾಗೆ ಹಿಡಿದು ಕೂತೆ. ಅತ್ತೆ ಪೈಪನ್ನು ಒತ್ತಿದರು. ಅದು ಬಗ್ಗಿತೇ ಹೊರತು ನಟ್ಟು ತಿರುಗಲಿಲ್ಲ. ಆಗ ಅವರು ಒಂದು ಕ್ಷಣ ನಿಂತು, ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾರಿನ ಮಾಡು ಹಿಡಿದುಕೊಂಡು ಪೈಪಿನ ಮೇಲೆ ಹತ್ತಿ ನಿಂತರು. ಮಗ ಹಾಗೆ ತುಳಿಯುತ್ತಿದ್ದುದನ್ನು ಕಂಡು ಬೈದಿದ್ದವರು ಅವರೇ. ಬೇಡ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನಟ್ಟು ಬಾಗಿಲಿನ ತಿರುಗಣೆಯಂತೆ ಕಿರುಗುಟ್ಟಿತು. ಕೆಂಪು ಪುಡಿ ಉದುರಿತು. ಅತ್ತೆ ಇಳಿದು ಉಸಿರು ತೆಗೆದುಕೊಂಡು, ಮುಂದಿನದಕ್ಕೆ ಪಾನ ಹಾಕು ಎಂದು ಕೈಯಲ್ಲೇ ತೋರಿಸಿದರು.

ಎರಡು ನಟ್ಟು ಹಾಗೆ ಬಂದವು. ಮೂರನೆಯದು ಅಷ್ಟು ಸುಲಭಕ್ಕೆ ಬರಲಿಲ್ಲ. ಮೊದಲು ಬಿಗಿ ಮಾಡುವ ಕಡೆಗೇ ಚೂರು ತಿರುಗಿಸಿ, ಅನಂತರ ಸಡಿಲಿಸುವ ಕಡೆಗೆ, ಹೀಗೆ ಅತ್ತ ಇತ್ತ ಆಡಿಸಿ ಬಿಡಿಸಿದೆವು. ನಾಲ್ಕನೆಯದರ ಮೂಲೆಗಳು ಮೊದಲ ದಿನವೇ ಸವೆದಿದ್ದವು. ಪಾನ ಹಾಕಿದರೆ ಹಿಡಿತ ಸಿಗದೆ ಸುತ್ತ ಜಾರುತ್ತಿತ್ತು. ಕಾಯಿಸಿದರೆ ಬಂದೀತು, ಆದರೆ ಹತ್ತಿರದಲ್ಲೇ ಪೆಟ್ರೋಲ್ ಟ್ಯಾಂಕು. ಉಳಿದದ್ದು ಒಂದೇ ದಾರಿ: ಉಳಿ ಇಟ್ಟು ನಟ್ಟನ್ನು ಸೀಳುವುದು. ಸೀಳಿದರೆ ನಟ್ಟು ಹೋಗುತ್ತದೆ, ಬಹುಶಃ ಬೋಲ್ಟೂ ಹೋಗುತ್ತದೆ. ಎರಡೂ ಪೇಟೆಯಲ್ಲಿ ಸಿಗುವ ಸಾಮಾನು.

ಉಳಿ ತಂದು ಇಟ್ಟವಳು ಹೊಡೆಯಲಿಲ್ಲ. ಇವತ್ತು ಸಾಕು, ಇನ್ನೊಂದು ವಾರ ಎಣ್ಣೆ ಬಿಟ್ಟು ನೋಡೋಣ ಎಂದೆ. ಅತ್ತೆ ನನ್ನ ಮುಖ ನೋಡಿದರು. ಅವರಿಗೂ ನೆನಪಿತ್ತು, ಸಿದ್ದಾಪುರದ ದಾರಿ, ಆ ಪಂಕ್ಚರು. ಈ ಚಕ್ರವನ್ನು ಅಂದಿನಿಂದ ಯಾರೂ ಮುಟ್ಟಿರಲಿಲ್ಲ.

"ಅವ ಬಿಗಿ ಮಾಡಿದ್ದು," ಎಂದರು ಅತ್ತೆ.

ನನ್ನ ಗಂಡ ತೀರಿಕೊಂಡ ಮೇಲೆ ನಾವಿಬ್ಬರೂ ಅವರ ಬಗ್ಗೆ ಎದುರುಬದುರು ಆಡಿದ ಮೊದಲ ಮಾತು ಅದು. ಅಲ್ಲಿಯವರೆಗೆ ತಿಥಿಯ ಅಡುಗೆ, ಪೆನ್ಶನ್ನಿನ ಕಾಗದ, ಇಂಥವನ್ನೇ ಮಾತಾಡಿದ್ದೆವು. ನಾನು ಹೌದು ಎಂದೆ. ಅತ್ತೆ ಮೆಟ್ಟಿಲ ಮೇಲೆ ಹೋಗಿ ಕೂತರು. ಆಮೇಲೆ, ಅನ್ನಕ್ಕೆ ನೀರಿಡು ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದರು:

"ಅವ ಬಿಗಿ ಮಾಡಿದ್ದು ಹೇಳಿ ಹಾಂಗೇ ಇಟ್ರೆ ಗಾಡಿ ಮುಂದೆ ಹೋಗ್ತಿಲ್ಲೆ. ಒಡಿ, ಕೂಸೇ."

ಒಡೆದೆ. ಏಟಿಗೆ ನಿಲ್ಲದೆ ಉಳಿ ಹಲವು ಸಲ ಹಾರಿತು. ಕೊನೆಗೆ ನಟ್ಟಿನ ಒಂದು ಬದಿ ಬಿರಿಯಿತು, ಇನ್ನೆರಡು ಏಟಿಗೆ ಎರಡು ಹೋಳಾಗಿ ನೆಲಕ್ಕೆ ಬಿತ್ತು. ಬೋಲ್ಟಿನ ಹಲ್ಲುಗಳೂ ಹಾಳಾಗಿದ್ದವು. ಜಾಕಿಯಿಂದ ಗಾಡಿ ಎತ್ತಿ, ಚಕ್ರ ಎಳೆದು ತೆಗೆದು, ಡ್ರಮ್ಮಿನ ಸುತ್ತ ಮರದ ತುಂಡಿಟ್ಟು ಬಡಿದಾಗ ಒಳಗೆ ಏನೋ ಕಳಚಿದ ಸದ್ದಾಗಿ, ಕೈಯಲ್ಲಿ ದೂಡಿದರೆ ಅದು ತಿರುಗತೊಡಗಿತು. ಅತ್ತೆ ಪೊರಕೆ ತಂದು ತುಕ್ಕಿನ ಪುಡಿಯ ಜೊತೆಗೆ ನಟ್ಟಿನ ಹೋಳುಗಳನ್ನೂ ಗುಡಿಸಿ ಕಸದ ಬುಟ್ಟಿಗೆ ಹಾಕಿದರು. ಒಂದು ಚೂರಾದರೂ ಎತ್ತಿ ಇಟ್ಟುಕೊಂಡಾರು ಎಂದು ನಾನು ನೋಡುತ್ತಿದ್ದೆ. ಇಟ್ಟುಕೊಳ್ಳಲಿಲ್ಲ. ಮಧ್ಯಾಹ್ನ ಉಂಡು ಮಲಗಿದವರು ಚಹಾದ ಹೊತ್ತು ಮೀರುವವರೆಗೂ ಗೊರಕೆ ಹೊಡೆದರು. ಅವರು ಹಗಲು ನಿದ್ದೆ ಮಾಡಿದ್ದನ್ನು ನಾನು ಕಂಡು ಬಹಳ ಕಾಲವಾಗಿತ್ತು. ನನಗೆ ಮಾತ್ರ ಊಟ ಸೇರಲಿಲ್ಲ. ಪುಸ್ತಕ ಹಿಡಿದು ಕೂತು, ಓದದೆ, ಆ ಗೊರಕೆ ಕೇಳುತ್ತಿದ್ದೆ.

ಹೊಸ ಬೋಲ್ಟು ಕೂರಿಸಿದ್ದು, ಬ್ಯಾಟರಿ ಹಾಕಿದ್ದು, ಹಳಸಿದ ಪೆಟ್ರೋಲು ತೆಗೆದದ್ದು, ಎಲ್ಲ ಗ್ಯಾರೇಜಿನವರ ಕೆಲಸ. ಚಕ್ರವನ್ನು ಉಳಿದ ಮೂರು ನಟ್ಟುಗಳಲ್ಲೇ ಮತ್ತೆ ಕೂರಿಸಿ, ಟೈರುಗಳಿಗೆ ಗಾಳಿ ತುಂಬಿದ ಮೇಲೆ, ಓಣಿಯವರು ಸೇರಿ ಗಾಡಿಯನ್ನು ಅಲ್ಲಿಯವರೆಗೆ ದೂಡಿದರು. ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ನಮ್ಮ ತಂಡದಲ್ಲಿ ಹೆಂಗಸು ನಾನೊಬ್ಬಳೇ. ಯಲ್ಲಾಪುರದ ರಸ್ತೆಯಲ್ಲಿ ಲಾರಿಗಳಿಗೆ ದಾರಿ ಕೊಡುವುದನ್ನು ಕಲಿಯಲು, ಕಾರು ಕಲಿತದ್ದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಮೊದಲ ಸಲ ದೂರ ಹೊರಟಾಗ ಅತ್ತೆ ಜೊತೆಗೆ ಬಂದರು. ಸಿದ್ದಾಪುರಕ್ಕೆ ಹೋಗೋಣವೇ ಎಂದು ಕೇಳಿದ್ದೆ. ಬೇಡ, ನಿನ್ನ ಶಾಲೆ ನೋಡಬೇಕು ಎಂದರು. ಮುಂದಿನ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮಂಚಿಕೇರಿ ದಾಟುವವರೆಗೆ ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ತಿರುವಿನಲ್ಲಿ ಹಾರ್ನ್ ಹೊಡೆ ಎಂದು ಪ್ರತಿ ತಿರುವಿನಲ್ಲೂ ಹೇಳಿದರು. ಅದು ರಜೆಯ ದಿನ. ಶಾಲೆಯ ಗೇಟಿಗೆ ಬೀಗ. ಕಂಬಿಯ ಸಂದಿನಿಂದ ಅಂಗಳ, ಬಾವಿ, ನನ್ನ ಕ್ಲಾಸಿನ ಕಿಟಕಿ ಎಲ್ಲ ತೋರಿಸಿದೆ. ಅತ್ತೆ ಅವನ್ನು ಬಿಟ್ಟು ಎದುರಿನ ಮನೆಗಳನ್ನು ನೋಡುತ್ತಿದ್ದರು. ಇಲ್ಲಿ ಬಾಡಿಗೆಗೆ ಮನೆ ಸಿಗುತ್ತದೆಯೋ ಎಂದು ಕೇಳಿದರು. ನನಗೆ ಒಂದು ರೂಮು ಸಾಕು ಎಂದೆ.

"ರೂಮು ಎಂತಕ್ಕೆ? ನಿನ್ನ ಜೊತೆಗೆ ಆನೂ ಬರ್ತೆ," ಎಂದರು.

ಭಾವನವರಿಗೆ ಬೇಸರವಾಯಿತು. ತಾಯಿಯನ್ನು ಸೊಸೆ ಕರೆದುಕೊಂಡು ಹೋದಳೆಂದು ಜನ ಆಡಿಕೊಳ್ಳುತ್ತಾರೆ ಎನ್ನುವುದು ಅವರ ಚಿಂತೆ. ಸ್ವಲ್ಪ ಮಂದಿ ಆಡಿಕೊಂಡರು ಕೂಡ. ಅತ್ತೆ ಹಬ್ಬಕ್ಕೆ ಸಿದ್ದಾಪುರಕ್ಕೆ ಹೋಗಿ ವಾರವಿದ್ದು ಬರುತ್ತಿದ್ದರು, ನಾನೇ ಬಿಟ್ಟು ಕರೆತರುತ್ತಿದ್ದೆ. ಕ್ರಮೇಣ ಭಾವನವರೂ ಏನೂ ಹೇಳದಾದರು.

ಯಲ್ಲಾಪುರದಲ್ಲಿ ನಾವು ಹಿಡಿದದ್ದು ಹೆದ್ದಾರಿಯಿಂದ ಸ್ವಲ್ಪ ಒಳಗಿನ ಮನೆ. ಹಗಲೂ ರಾತ್ರಿ ಲಾರಿಗಳ ಸದ್ದು ಕೇಳುತ್ತಿತ್ತು. ಮೊದಲ ತಿಂಗಳು ಅತ್ತೆ ಅದಕ್ಕೆ ಗೊಣಗಿದರು. ಎರಡನೆಯ ತಿಂಗಳು ಪಕ್ಕದ ಮನೆಯ ಮುದುಕಿಯೊಬ್ಬರ ಸ್ನೇಹವಾಗಿ, ನಾನು ಶಾಲೆಯಿಂದ ಬರುವಾಗ ಅವರು ಮನೆಯಲ್ಲಿ ಇರುವುದೇ ಕಡಿಮೆಯಾಯಿತು. ಬೀಗದ ಕೈ ಕಿಟಕಿಯ ಮೇಲಿಟ್ಟು ಹೋಗಿರುತ್ತಿದ್ದರು. ನಾನು ಬೀಗ ತೆಗೆದು, ಚಹಾಕ್ಕೆ ನೀರಿಟ್ಟು, ಅವರು ಬರುವುದನ್ನು ಕಾಯುತ್ತಿದ್ದೆ.