ಕೆಂಪು ಗೆರೆಯ ಪ್ರೊಪೆಲ್ಲರ್

ವಿಮಾನ ಹಾರಿಸಬೇಕಿದ್ದ ಆ ಬೆಳಿಗ್ಗೆ ಸಾಹೇಬರು ಸ್ಪ್ಯಾನರ್ ಹಿಡಿದು ಮತ್ತೊಮ್ಮೆ ಪ್ರೊಪೆಲ್ಲರ್ ಬಳಿ ಹೋದದ್ದನ್ನು ನಾನು ಕಂಡೆನೋ, ಆಮೇಲೆ ಕಲ್ಪಿಸಿಕೊಂಡೆನೋ ಹೇಳಲಾರೆ. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ಹಿರಿಯೂರಿನಲ್ಲಿ ಲೇತ್ ಅಂಗಡಿ ಇಟ್ಟಿದ್ದ ಸಾಹೇಬರು, ಗುಜರಿಯಲ್ಲಿ ಸಿಕ್ಕ ವಿದೇಶಿ ಕಾರಿನ ರೋಟರಿ ಎಂಜಿನ್ ಕೂರಿಸಿ, ಒಬ್ಬರೇ ಕೂರುವಂಥ ವಿಮಾನ ಕಟ್ಟಿದ್ದರು. ಅದರ ಪ್ರೊಪೆಲ್ಲರ್ ಅಲಗುಗಳ ಓರೆಯನ್ನು ನೆಲದ ಮೇಲಿರುವಾಗಲೇ ಬೋಲ್ಟ್ ಸಡಿಲಿಸಿ ಕೈಯಿಂದ ಬದಲಿಸಿ ಬಿಗಿಯಬೇಕು; ಬಿಗಿದ ಮೇಲೆ ತಾವಾಗಿ ಕದಲುವುದಿಲ್ಲ. ಹಾರಲು ಬೇಕಾದ ಓರೆಗೆ ಕೆಂಪು ಗೆರೆ ಎಳೆದಿದ್ದರು. ಟೀ ಕುಡಿಯುವಾಗಲೂ ಅಂಗೈ ಓರೆ ಮಾಡಿ ತೋರಿಸುತ್ತ, “ಗೆರೆಗೆ ಬಂದ್ರೆ ಏಳ್ತೈತೆ ಕಣಪ್ಪ” ಅನ್ನುತ್ತಿದ್ದರು.

ಯಲ್ಲದಕೆರೆ ಕಡೆಯ ಬಯಲಿಗೆ ಅದನ್ನು ಸಾಗಿಸುವ ಹಿಂದಿನ ಸಂಜೆ ಎರಡೂ ಅಲಗುಗಳನ್ನು ಗೆರೆಗೆ ಕೂರಿಸಿ ಅಂಗಡಿಯಲ್ಲಿ ಕೆಲಸಕ್ಕಿದ್ದ ನನಗೆ ತೋರಿಸಿದ್ದರು. ಬಯಲಿಗೆ ಅವರ ಹೆಂಡತಿಯೂ ಬಂದಿದ್ದರು.

“ರೀ, ನೀವು ಬಿದ್ರೆ ನನಗ್ಯಾರವ್ರೆ?” ಎಂದರು.

ಸಾಹೇಬರು ಅವರ ಮುಖವನ್ನೊಮ್ಮೆ ನೋಡಿ ವಿಮಾನದ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಎಂಜಿನ್ ಅರಚಿತು, ವಿಮಾನ ಬಯಲಿನ ತುದಿಯವರೆಗೂ ಓಡಿತು, ಏಳಲಿಲ್ಲ.

“ಸಾಬ್ರೇ, ನಮ್ಮ ಕುರಿಗೆ ಗಾಳಿ ಬೀಸಾಕಾದ್ರೂ ಕೊಡ್ರಿ!” ಎಂದು ಕುರಿ ಕಾಯುವವನೊಬ್ಬ ಕೂಗಿದ. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಹೆಂಡತಿ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಗೆರೆಯ ಮಾತನ್ನು ಆಮೇಲೆ ಅವರ ಬಾಯಲ್ಲಿ ಕೇಳಲಿಲ್ಲ. ವಿಮಾನವನ್ನು ಶೆಡ್ಡಿಗೆ ತಳ್ಳಿ ಬೀಗ ಹಾಕಿದರು. ಅವರು ಸಾಯುವವರೆಗೂ ಊರು ಅದನ್ನು ಹೇಳಿಕೊಂಡು ನಗುತ್ತಿತ್ತು.

ಕಳೆದ ತಿಂಗಳು ಅವರ ಹೆಂಡತಿಯಿಂದ ಬೀಗದ ಕೈ ಇಸಿದುಕೊಂಡು, ಧೂಳು ಒರೆಸಿ ನೋಡಿದೆ. ಎರಡೂ ಅಲಗುಗಳು ಕೆಂಪು ಗೆರೆಗಿಂತ ಒಂದು ಬೆರಳಷ್ಟು ಹಿಂದೆ ನಿಂತಿವೆ. ಬೋಲ್ಟುಗಳು ಬಿಗಿಯಾಗಿಯೇ ಇವೆ.